ವೀಸಾ ಬೇಡದ ದೇಶಕ್ಕೆ ಇಬ್ಬರು ಬೀಗತಿಯರು

ನನ್ನ ತವರು ಮೂಡಲಗಿ, ಗಂಡನ ಮನೆ ಹುಕ್ಕೇರಿ. ನಾವು ಸಂಸಾರ ಹೂಡಿದ್ದು ಎರಡರ ನಡುವಿನ ಗೋಕಾಕದಲ್ಲಿ. ಮದುವೆಯಾದ ಹೊಸತರಲ್ಲಿ ಇದು ಬಹಳ ಅನುಕೂಲದ ಜಾಗ ಎಂದುಕೊಂಡಿದ್ದೆ. ಎರಡೂ ಕಡೆಯವರಿಗೆ ಸಮೀಪ, ಯಾರಿಗೂ ಬೇಸರವಿಲ್ಲ. ಆ ಸಮೀಪವೇ ತೊಂದರೆ ಎಂದು ತಿಳಿಯಲು ಒಂದೆರಡು ವರ್ಷ ಹಿಡಿಯಿತು. ಬೆಳಗಿನ ಮೂಡಲಗಿ ಬಸ್ಸಿಗೆ ನಮ್ಮವ್ವ ಬಂದಿಳಿದರೆ ಅದೇ ಹೊತ್ತಿಗೆ ಹುಕ್ಕೇರಿ ಬಸ್ಸಿನಿಂದ ನಮ್ಮ ಅತ್ತೆಯೂ ಇಳಿಯಬಹುದಿತ್ತು. ಹಾಗೆ ಇಳಿಯಬಾರದೆಂದು ಇಬ್ಬರೂ ಎಚ್ಚರ ವಹಿಸುತ್ತಿದ್ದರು.

ಇಬ್ಬರೂ ಜಗಳಗಂಟಿಯರಲ್ಲ. ಅವ್ವ ಒಕ್ಕಲುತನದ ಮನೆಯವಳು. ಮಸಗುಪ್ಪಿಯ ಹೊಲದಲ್ಲಿ ಕಬ್ಬು ನಾಟಿ ಮಾಡಿಸುವುದರಿಂದ ಹಿಡಿದು ಟ್ರ್ಯಾಕ್ಟರಿಗೆ ಹೇರಿ ಕಾರ್ಖಾನೆಗೆ ಕಳಿಸುವವರೆಗೆ ತಾನೇ ನಿಂತು ಮಾಡಿಸಿದವಳು. ದನಿ ಗಟ್ಟಿ, ಮನಸ್ಸು ಪುಕ್ಕಲು. ಮೈಮೇಲೆ ಸಮವಸ್ತ್ರ ಇದ್ದ ಯಾರನ್ನು ಕಂಡರೂ, ಬಸ್ ಕಂಡಕ್ಟರನನ್ನು ಕಂಡರೂ ಸಹ, ಆಕೆಗೆ ತಾನೇನೋ ತಪ್ಪು ಮಾಡಿದ್ದೇನೆ ಅನಿಸುತ್ತದೆ. ಅತ್ತೆ ದಡ್ಡಿ ಎಂಬ ಊರಿನಲ್ಲಿ ಹುಟ್ಟಿ ಹುಕ್ಕೇರಿಯ ಕಿರಾಣಿ ಅಂಗಡಿಯ ಮನೆಗೆ ಸೊಸೆಯಾಗಿ ಬಂದವರು. ಸಕ್ಕರೆ ತೂಗಿದಂತೆ ಮಾತು ತೂಗಿ ಆಡುತ್ತಾರೆ, ಯಾರಿಗೂ ಹೆದರುವುದಿಲ್ಲ.

ಇವರಿಬ್ಬರ ನಡುವೆ ಬಂದದ್ದು ಒಂದು ಸೀರೆ. ನಮ್ಮ ಮದುವೆಯಲ್ಲಿ ಅವ್ವ ಬೀಗತಿಗೆ ಆಯೇರಿ ಎಂದು ಗಿಳಿಹಸಿರು ಬಣ್ಣದ ಇಳಕಲ್ ಸೀರೆ ಕೊಟ್ಟಿದ್ದಳು. ಅಂಗಡಿಯಲ್ಲಿ ಅರ್ಧ ದಿನ ಕುಳಿತು ಆರಿಸಿದ ಸೀರೆ. ಮುಂದೆ ಎಷ್ಟೋ ದಿನದ ಮೇಲೆ ಘಟಪ್ರಭಾದಲ್ಲಿ ದೂರದ ಬಳಗದವರ ಮನೆಯಲ್ಲಿ ಬಸುರಿಗೆ ಕುಬುಸ ಮಾಡುವ ಕಾರ್ಯಕ್ರಮವಿತ್ತು. ಅಲ್ಲಿ ಅವ್ವನಿಗೂ ಒಂದು ಸೀರೆ ಕೊಟ್ಟು ಕಳಿಸಿದರು. ಮನೆಗೆ ಬಂದು ಬಿಚ್ಚಿ ನೋಡಿದರೆ ಅದೇ ಗಿಳಿಹಸಿರು, ಮೂಲೆಯಲ್ಲಿ ಅವ್ವನೇ ಹಚ್ಚಿದ ಕುಂಕುಮ. ಹುಕ್ಕೇರಿಯಿಂದ ಹೊರಟ ಸೀರೆ ಎಷ್ಟು ಮನೆ ಸುತ್ತಿ ಬಂದಿತ್ತೋ. "ಆ ಸೀರಿ ನನಗಿಂತ ಹೆಚ್ಚು ಊರು ತಿರಗೈತಿ" ಎಂದಷ್ಟೇ ಹೇಳಿ ಅವ್ವ ಟ್ರಂಕು ಮುಚ್ಚಿದಳು. ಆ ಮಾತು ಹುಕ್ಕೇರಿಗೂ ಮುಟ್ಟಿತು. ಆಮೇಲೆ ಇಬ್ಬರೂ ಎದುರಾದಾಗ "ಬರ್ರಿ", "ಆರಾಮ ಅದೀರೇನ್ರಿ", "ಚಾ ತಗೋರಿ" ಎನ್ನುವುದಷ್ಟೇ ಉಳಿಯಿತು. ನಮ್ಮ ಮನೆಗೆ ಬರುವ ಮುಂಚೆ ಇಬ್ಬರೂ ಫೋನ್ ಮಾಡುತ್ತಿದ್ದರು. ನಾವು ಹೇಗಿದ್ದೇವೆ ಎಂದು ಕೇಳುವುದಕ್ಕಲ್ಲ, ಇನ್ನೊಬ್ಬರು ಇದ್ದಾರೋ ಇಲ್ಲವೋ ತಿಳಿಯುವುದಕ್ಕೆ.

ನಮ್ಮ ಮನೆಯವರು ಹೈಸ್ಕೂಲಿನಲ್ಲಿ ಭೂಗೋಳ ಕಲಿಸುತ್ತಾರೆ. ಜಗತ್ತಿನ ಎಲ್ಲಾ ನದಿಗಳ ಹೆಸರು ಗೊತ್ತು, ನೋಡಿದ್ದು ಘಟಪ್ರಭಾ, ಕೃಷ್ಣಾ, ಮಲಪ್ರಭಾ. ಮಲೇಶಿಯಾಕ್ಕೆ ಹೋಗಲು ನಮ್ಮ ದೇಶದವರಿಗೆ ಇನ್ನು ವೀಸಾ ಬೇಡ ಎಂಬ ಸುದ್ದಿಯನ್ನು ಇವರು ಓದಿದ ದಿನದಿಂದ ನಮ್ಮ ಮನೆಯಲ್ಲಿ ಬೇರೆ ಮಾತಿಲ್ಲದಾಯಿತು. ಮದುವೆಯಾಗಿ ಇಪ್ಪತ್ತೈದು ವರ್ಷ ತುಂಬುವ ವರ್ಷ ಅದು. ದಸರಾ ರಜೆಯಲ್ಲಿ ಇಬ್ಬರೂ ಹೋಗಿ ಬರೋಣ ಎಂದರು. ನಾನು ಕಾಲೇಜೊಂದರ ಗ್ರಂಥಾಲಯದಲ್ಲಿ ಕೆಲಸ ಮಾಡುತ್ತೇನೆ. ಪ್ರವಾಸದ ಪುಸ್ತಕಗಳಿಗೆ ನಂಬರು ಹಚ್ಚಿದ್ದೇ ಹಚ್ಚಿದ್ದು, ಪ್ರವಾಸ ಮಾಡಿರಲಿಲ್ಲ. ಕೂಡಲೇ ಒಪ್ಪಿದೆ.

ಇವರಿಗೆ ಗುಟ್ಟು ಇಟ್ಟುಕೊಳ್ಳಲು ಬರುವುದಿಲ್ಲ. ಆ ವಾರ ಹುಕ್ಕೇರಿಗೆ ಹೋದಾಗ ಅತ್ತೆಗೆ ಹೇಳಿದರು. ವೀಸಾ ಎಂದರೇನು ಎಂದು ಅತ್ತೆ ಕೇಳಿದರು. ಇವರು ಪಾಠ ಮಾಡುವ ದನಿಯಲ್ಲಿ, ಬೇರೆ ದೇಶದೊಳಗೆ ಕಾಲಿಡಲು ಅವರಿಂದ ಮುಂಚಿತವಾಗಿ ಪಡೆಯುವ ಪರವಾನಗಿ ಎಂದು ವಿವರಿಸಿದರು. ಅತ್ತೆ ಸ್ವಲ್ಪ ಹೊತ್ತು ವಿಚಾರ ಮಾಡಿ, ಹಾಗಾದರೆ ಇದು ಹತ್ತರಗಿಯ ಟೋಲ್ ಇದ್ದಂತೆಯೋ ಎಂದು ಕೇಳಿದರು. ಹೆದ್ದಾರಿಯಲ್ಲಿ ನಮ್ಮ ಕಡೆಯವರಿಗೆಲ್ಲ ಗೊತ್ತಿರುವ ಟೋಲ್ ನಾಕಾ ಅದು. ಇವರು ಖುಷಿಯಾಗಿ, ಹೌದು, ಈಗ ಆ ಟೋಲ್ ತೆಗೆದಿದ್ದಾರೆ ಎಂದುಕೊಳ್ಳಿ ಎಂದರು.

"ಟೋಲ್ ತಗದಾರ. ನಾಕಾ ತಗದಾರೇನು?" ಅತ್ತೆ ಕೇಳಿದರು.

ಇವರು ಆ ಪ್ರಶ್ನೆಯನ್ನು ನಗುತ್ತ ತಳ್ಳಿಹಾಕಿದರು. ಅತ್ತೆ, ತಾನೂ ಬರುತ್ತೇನೆ ಎಂದರು. ಮಗ ಬೇಡ ಎನ್ನಲಾರದೆ ಹೂಂ ಎಂದು ಗೋಕಾಕಕ್ಕೆ ಬಂದು, ನನ್ನ ಮುಖ ನೋಡದೆ, ಮೂರು ಟಿಕೆಟ್ ಆಗುತ್ತವೆ ಎಂದರು.

ಇನ್ನು ಅವ್ವನಿಗೆ ಗೊತ್ತಾಗದೆ ಇರುತ್ತದೆಯೇ. ಮೂಡಲಗಿಯಿಂದ ಫೋನ್ ಬಂತು. ಬೀಗತಿ ಹೊರದೇಶಕ್ಕೆ ಹೊರಟಿದ್ದಾಳೆ ಎಂದು ಸಂತೆಯಲ್ಲಿ ಯಾರೋ ಹೇಳಿದರಂತೆ. ತನಗೆ ಯಾವ ದೇಶವನ್ನೂ ನೋಡುವ ಆಸೆ ಇಲ್ಲ, ಮಗಳಾಗಿ ನಾನೇ ಒಂದು ಮಾತು ಹೇಳಬಹುದಿತ್ತು ಎಂದಷ್ಟೇ ಅಂದಳು. ಅಷ್ಟು ಸಾಕಾಯಿತು. ಟಿಕೆಟ್ ನಾಲ್ಕಾದವು.

ನಾವು ಹೋಗಲು ವೀಸಾ ಬೇಡವಾದರೆ ಅವರು ನಮ್ಮಲ್ಲಿಗೆ ಬರಲೂ ಬೇಡವೋ ಎಂದು ಅವ್ವ ಒಂದು ದಿನ ಅಳಿಯನನ್ನು ಕೇಳಿದಳು. ಅವರಿಗೆ ಬೇಕು, ಅದನ್ನು ಕಂಪ್ಯೂಟರಿನಲ್ಲಿ ತೆಗೆದುಕೊಳ್ಳಬೇಕು ಎಂದು ಇವರು ಹೇಳಿದರು. ಅವ್ವನಿಗೆ ಸರಿ ಬರಲಿಲ್ಲ.

"ಅವರು ಬಾಗಲಾ ತಗದ ಇಡೂದು, ನಾವು ಚಿಲಕಾ ಹಾಕೂದು. ಅದ್ಯಾತರ ಬೀಗತನ ಅಳಿಯಾರ?"

ಪ್ರವಾಸಿಗರು ಬಂದರೆ ಆ ದೇಶದ ಹೋಟೆಲು, ಅಂಗಡಿ, ಟ್ಯಾಕ್ಸಿಯವರಿಗೆ ವ್ಯಾಪಾರವಾಗುತ್ತದೆ, ಅದಕ್ಕೇ ಬಾಗಿಲು ತೆರೆಯುತ್ತಾರೆ ಎಂದು ಇವರು ತಿಳಿಸಿದರು. ಹಾಗಾದರೆ ಅವರು ಕರೆದದ್ದು ನಮ್ಮನ್ನಲ್ಲ, ನಮ್ಮ ಪರ್ಸನ್ನು ಎಂದು ಅವ್ವ ಸಮಾಧಾನ ಮಾಡಿಕೊಂಡಳು.

ವೀಸಾ ಬೇಡವೆಂದರೂ ಪಾಸ್‌ಪೋರ್ಟ್ ಬೇಕಲ್ಲ. ನಾವು ಮೂವರು ಹೆಂಗಸರ ಹತ್ತಿರ ಇರಲಿಲ್ಲ. ಇವರ ಹತ್ತಿರ ಇತ್ತು. ವರ್ಷಗಳ ಹಿಂದೆ ಗೆಳೆಯರ ಜೊತೆ ನೇಪಾಳಕ್ಕೆ ಹೋಗುವ ಉಮೇದಿನಲ್ಲಿ ಮಾಡಿಸಿದ್ದರು. ನೇಪಾಳಕ್ಕೆ ಪಾಸ್‌ಪೋರ್ಟೇ ಬೇಡ ಎಂದು ಆಮೇಲೆ ತಿಳಿದಿತ್ತು, ಹೋಗುವುದೂ ಆಗಿರಲಿಲ್ಲ. ಈಗ ಅದನ್ನು ಕಪಾಟಿನಿಂದ ತೆಗೆದು, ಒರೆಸಿ, ಮೇಜಿನ ಮೇಲೆ ಇಟ್ಟರು. ನಮ್ಮನ್ನು ಬೆಳಗಾವಿಗೆ ಕರೆದುಕೊಂಡು ಹೋದರು, ಬಂದರು. ಫೋಟೊದಲ್ಲಿ ತಲೆಯ ಮೇಲೆ ಸೆರಗಿದ್ದರೆ ನಡೆಯುತ್ತದೋ ಇಲ್ಲವೋ, ಆಧಾರ್ ಕಾರ್ಡಿನಲ್ಲಿ ಅತ್ತೆಯ ಹೆಸರಿಗೆ ಒಂದು ದೀರ್ಘ ಹೆಚ್ಚಾದದ್ದು ಹೇಗೆ, ಎಲ್ಲವನ್ನೂ ಇವರೇ ನೋಡಿಕೊಂಡರು. ಮೂರು ಹೊಸ ಪಾಸ್‌ಪೋರ್ಟ್ ಅಂಚೆಯಲ್ಲಿ ಬಂದಾಗ ಪ್ರತಿಯೊಂದರ ಪ್ರತಿ ಅಕ್ಷರವನ್ನೂ ಭೂತಗನ್ನಡಿ ಹಿಡಿದು ತಪಾಸಣೆ ಮಾಡಿದರು. ತಮ್ಮದನ್ನು ಮಾತ್ರ ತೆರೆಯಲಿಲ್ಲ. ಅದು ಅನುಭವಸ್ಥ ಪಾಸ್‌ಪೋರ್ಟ್, ಅದಕ್ಕೇನಾಗಬೇಕು.

ನಮ್ಮ ಓಣಿಯ ಎಲ್ಲರಿಗೂ ಹೇಳಿಯಾಯಿತು. ಇಸ್ತ್ರಿಯವನಿಗೂ ಹೇಳಿಯಾಯಿತು. ಹೊರಡುವ ದಿನ ಬಾಜೂ ಮನೆಯ ಅಕ್ಕ ಬಂದು ನಾಲ್ವರಿಗೂ ಕುಂಕುಮ ಹಚ್ಚಿ, ಮನೆಯ ಮೇಲೆ ಕಣ್ಣಿಡುತ್ತೇನೆ, ನೀವು ನಿಶ್ಚಿಂತೆಯಿಂದ ಹೋಗಿ ಬರ್ರಿ ಎಂದರು. ಮುಂಬಾಗಿಲಿಗೆ ದೊಡ್ಡ ಕೀಲಿ ಹಾಕಿ ಹೊರಟೆವು.

ರೈಲಿನಲ್ಲಿ ಅವ್ವ ಕೈಚೀಲ ತೆರೆದಾಗ ತುಪ್ಪದ ವಾಸನೆ ಬಂತು. ಸ್ಟೀಲಿನ ಡಬ್ಬಿ ತುಂಬ ಬೇಸನ್ ಉಂಡಿ. ಕಡಲೆ ಹಿಟ್ಟನ್ನು ನಿಧಾನವಾಗಿ ಹುರಿದು ಅವ್ವ ಕಟ್ಟುವ ಉಂಡಿ ನಮ್ಮ ಬಳಗದಲ್ಲೆಲ್ಲ ಹೆಸರಾದದ್ದು. ಅತ್ತೆ ಕಿಟಕಿಯ ಕಡೆ ನೋಡುತ್ತಲೇ, ಹೊರದೇಶದಲ್ಲಿ ತಿನ್ನುವ ಪದಾರ್ಥ ಹಿಡಿಯುತ್ತಾರಂತೆ ಎಂದರು. ಅವ್ವ ಡಬ್ಬಿ ಮುಚ್ಚಿ, ಹಿಡಿದರೆ ತಿಂದು ನೋಡಲಿ ಎಂದಳು. ಬೆಂಗಳೂರಿನ ತನಕ ಇಬ್ಬರೂ ಮತ್ತೆ ಮಾತಾಡಲಿಲ್ಲ.

ವಿಮಾನ ನಿಲ್ದಾಣದ ಕೌಂಟರಿನಲ್ಲಿ ಒಬ್ಬ ಹುಡುಗಿ ಇದ್ದಳು. ನಮ್ಮ ಮೂವರ ಪಾಸ್‌ಪೋರ್ಟ್ ನೋಡಿ ಪಕ್ಕಕ್ಕಿಟ್ಟಳು. ಇವರದನ್ನು ನೋಡಿದಳು, ಕಂಪ್ಯೂಟರ್ ನೋಡಿದಳು, ಮತ್ತೆ ಪಾಸ್‌ಪೋರ್ಟ್ ನೋಡಿದಳು. ಬಹಳ ಮರ್ಯಾದೆಯಿಂದ, ಇದರ ಅವಧಿ ಇನ್ನು ಐದು ತಿಂಗಳಿಗೆ ಮುಗಿಯುತ್ತದೆ, ಆ ದೇಶಕ್ಕೆ ಹೋಗಲು ಕನಿಷ್ಠ ಆರು ತಿಂಗಳು ಉಳಿದಿರಬೇಕು ಎಂದಳು.

ಇವರು ನಕ್ಕರು. ನಾವು ಹೋಗುತ್ತಿರುವುದು ಒಂದು ವಾರವೂ ಇಲ್ಲ, ಐದು ತಿಂಗಳು ಧಾರಾಳ ಆಯಿತು ಎಂದರು. ಆಕೆ ನಗಲಿಲ್ಲ. ಇವರು ದನಿ ಸ್ವಲ್ಪ ಏರಿಸಿ, ಮಕ್ಕಳಿಗೆ ತಿಳಿಸುವಂತೆ ಹೇಳಿದರು: "ಮೇಡಂ, ಆ ದೇಶದವರು ವೀಸಾನ ಬ್ಯಾಡ ಅಂದಾರ."

"ವೀಸಾ ಬೇಡ ಸರ್," ಆಕೆ ಹೇಳಿದಳು. "ಪಾಸ್‌ಪೋರ್ಟ್ ಬೇಕು."

ದೊಡ್ಡ ಅಧಿಕಾರಿಯನ್ನು ಕರೆಸಿದರು. ಅವರೂ ಅದನ್ನೇ ಹೇಳಿದರು. ಇವರು ಪಕ್ಕಕ್ಕೆ ಬಂದು ತಮ್ಮ ಪಾಸ್‌ಪೋರ್ಟನ್ನು ಮೊದಲ ಸಲ ಸರಿಯಾಗಿ ಓದಿದರು. ಅವರ ಮುಖ ನೋಡಿ ನನಗೆ ಅಯ್ಯೋ ಅನಿಸಿತು, ಅದರ ಜೊತೆಗೇ ಬರಬಾರದ ನಗು. ಎಲ್ಲರೂ ತಿರುಗಿ ಹೋಗೋಣ ಎಂದೆ. ಖರೆ ಹೇಳಬೇಕೆಂದರೆ, ಈ ಇಬ್ಬರನ್ನು ಕಟ್ಟಿಕೊಂಡು ಒಬ್ಬಳೇ ಹೋಗುವ ಧೈರ್ಯ ನನಗಿರಲಿಲ್ಲ.

ಅತ್ತೆ ಆಗಲೇ ತಮ್ಮ ಚೀಲವನ್ನು ತೂಕದ ಪಟ್ಟಿಯ ಮೇಲೆ ಇಟ್ಟಾಗಿತ್ತು.

"ನೀ ಊರಿಗೆ ಹೋಗು," ಮಗನಿಗೆ ಹೇಳಿದರು. "ನಾವು ನೋಡಿ ಬಂದು ಹೇಳತೇವಿ."

ಅವ್ವ ಅಳಿಯನ ಎದುರು ಏನೂ ಹೇಳಲಾರದೆ ನಿಂತಿದ್ದಳು. ಆದರೆ ತನ್ನ ಚೀಲವನ್ನು ಅತ್ತೆಯ ಚೀಲದ ಹಿಂದೆ ಸರಿಸಿದ್ದನ್ನು ನಾನು ನೋಡಿದೆ. ಇವರು ಪ್ರಿಂಟು ತೆಗೆದ ಕಾಗದಗಳನ್ನೆಲ್ಲ ನನ್ನ ಕೈಗೆ ಕೊಟ್ಟು, ಎಲ್ಲಿ ಏನು ತೋರಿಸಬೇಕು ಎಂದು ಮೂರು ಸಲ ಹೇಳಿ, ಕೊನೆಗೆ ತಗ್ಗಿದ ದನಿಯಲ್ಲಿ ಒಂದು ಮಾತು ಕೇಳಿಕೊಂಡರು. ಊರಲ್ಲಿ ಯಾರಿಗೂ ತಿಳಿಸಬಾರದು ಎಂದರು.

ಕೌಲಾಲಂಪುರದಲ್ಲಿ ಇಳಿದಾಗ ಅತ್ತೆ ಮೊದಲು ಹುಡುಕಿದ್ದು ನಾಕಾ. ಅದು ಇತ್ತು. ಉದ್ದನೆಯ ಸಾಲು, ಗಾಜಿನ ಕೌಂಟರುಗಳು, ಎಲ್ಲದರಲ್ಲೂ ಸಮವಸ್ತ್ರದವರು. ಅವ್ವ ಸೆರಗು ಸರಿಮಾಡಿಕೊಂಡು ನನ್ನ ಹಿಂದೆ ಸರಿದಳು. ನಮ್ಮ ಸರದಿ ಬಂದಾಗ ಮೂವರೂ ಒಟ್ಟಿಗೆ ಮುಂದೆ ಹೋದೆವು. ತಲೆಗೆ ವಸ್ತ್ರ ಸುತ್ತಿದ, ದುಂಡು ಮುಖದ ಅಧಿಕಾರಿಣಿ. ಹೋಟೆಲು ಯಾರ ಹೆಸರಲ್ಲಿದೆ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ನನ್ನ ಗಂಡನ ಹೆಸರಲ್ಲಿ ಎಂದೆ. ಗಂಡ ಎಲ್ಲಿ ಎಂದಳು. ಬೆಂಗಳೂರಿನಲ್ಲಿ ಉಳಿದರು ಎಂದೆ. ಯಾಕೆ ಎಂದಳು. ಪಾಸ್‌ಪೋರ್ಟಿನ ಕಥೆ ಹೇಳಿದೆ. ತಿರುಗಿ ಹೋಗುವ ಟಿಕೆಟ್ ನೋಡಿದಳು, ಅದರಲ್ಲೂ ನಾಲ್ಕು ಹೆಸರು, ಎದುರಿಗೆ ಮೂವರು. ವೀಸಾ ಇಲ್ಲದಿದ್ದರೇನು, ವೀಸಾ ಕೊಡುವಾಗ ಕೇಳುವುದನ್ನೆಲ್ಲ ಇಲ್ಲಿ ನಿಲ್ಲಿಸಿಕೊಂಡು ಕೇಳುತ್ತಾರೆ ಎಂದು ನನಗೆ ಆಗ ಅರ್ಥವಾಯಿತು. ಹಿಂದಿನ ಸಾಲಿನವರು ಇಣುಕಿ ನೋಡತೊಡಗಿದರು.

ಈ ಇಬ್ಬರು ಯಾರು ಎಂದು ಕೇಳಿದಳು. ಒಬ್ಬರು ನನ್ನ ತಾಯಿ, ಒಬ್ಬರು ನನ್ನ ಗಂಡನ ತಾಯಿ ಎಂದೆ. ಇವರಿಬ್ಬರಿಗೆ ಪರಸ್ಪರ ಏನಾಗಬೇಕು ಎಂದಳು. ಬೀಗರು ಎನ್ನುವುದಕ್ಕೆ ಇಂಗ್ಲಿಷಿನಲ್ಲಿ ಶಬ್ದ ಹುಡುಕಿ ನಾನು ತಡವರಿಸಿದೆ. ಗ್ರಂಥಾಲಯದಲ್ಲಿ ನಾಲ್ಕು ನಿಘಂಟುಗಳಿವೆ, ಒಂದೂ ನೆರವಿಗೆ ಬರಲಿಲ್ಲ. ನನ್ನ ತಾಯಿಯ ಮಗಳ ಗಂಡನ ತಾಯಿ ಎಂದು ಏನೋ ಹೆಣೆದೆ. ಆಕೆ ಕಣ್ಣು ಕಿರಿದು ಮಾಡಿ ಲೆಕ್ಕ ಹಾಕಿ, ಮುಖ ಅರಳಿಸಿ, ಪಕ್ಕದ ಕೌಂಟರಿನವನಿಗೆ ತಮ್ಮ ಭಾಷೆಯಲ್ಲಿ ಏನೋ ಹೇಳಿದಳು. ಅದರಲ್ಲಿ ಒಂದು ಶಬ್ದ ನಮಗೆ ಮೂವರಿಗೂ ಸ್ಪಷ್ಟವಾಗಿ ಕೇಳಿತು. ಬೇಸನ್.

ಅವ್ವ ನನ್ನ ರಟ್ಟೆ ಹಿಡಿದಳು.

"ಉಂಡಿ ಸಿಕ್ಕುಬಿದ್ದುವು," ಎಂದಳು. "ಚೀಲಾ ತಗೀಲಾರದ ಹ್ಯಾಂಗ ಗೊತ್ತಾತು ಇಕಿಗೆ?"

ನನಗೂ ಏನೂ ತಿಳಿಯಲಿಲ್ಲ. ಯಂತ್ರದಲ್ಲಿ ನೋಡಿರಬೇಕು ಎಂದುಕೊಂಡೆ. ಅವ್ವ ಕೈಚೀಲವನ್ನು ಎದೆಗೆ ಅವಚಿಕೊಂಡಳು. ಅಷ್ಟರಲ್ಲಿ ಅತ್ತೆ ನಮ್ಮಿಬ್ಬರನ್ನೂ ಹಿಂದೆ ಸರಿಸಿ ಗಾಜಿನ ಹತ್ತಿರ ಹೋಗಿ ನಿಂತರು. ರೈಲಿನಲ್ಲೇ ಎಚ್ಚರಿಸಿದ್ದೆನಲ್ಲ ಎಂದು ಈಗ ಹೇಳಿ ತೋರಿಸುತ್ತಾರೆ ಎಂದು ನಾನು ಕಾದೆ. ಅವರು ಆ ಮಲಯ್ ಹೆಣ್ಣುಮಗಳಿಗೆ, ಅಂಗಡಿಗೆ ಬಂದ ಗಿರಾಕಿಗೆ ಹೇಳಿದಂತೆ, ನೇರವಾಗಿ ಹುಕ್ಕೇರಿ ಕನ್ನಡದಲ್ಲಿ ಹೇಳಿದರು:

"ಉಂಡಿ ನಮ್ಮುವರಿ. ನಾನ ಮಾಡೇನಿ. ಇವರಿಗೇನೂ ಗೊತ್ತಿಲ್ಲ, ಇವರನ್ನ ಬಿಡ್ರಿ."

ಅಧಿಕಾರಿಣಿ ನನ್ನ ಕಡೆ ನೋಡಿದಳು. ನಾನು ಅನುವಾದ ಮಾಡುವುದರೊಳಗೆ ಅವ್ವ ಹೆದರಿಕೆಯಲ್ಲಿ ಕೈಚೀಲದಿಂದ ಡಬ್ಬಿಯನ್ನೇ ಹೊರತೆಗೆದು ಕೌಂಟರಿನ ಮೇಲೆ ಇಟ್ಟು ಮುಚ್ಚಳ ತೆಗೆದುಬಿಟ್ಟಳು. ಪಕ್ಕದ ಕೌಂಟರಿನವನು ಎದ್ದು ಬಂದ. ಅವನು ಅಲ್ಲಿಯ ತಮಿಳರವನು. ಡಬ್ಬಿಯನ್ನೂ ನಮ್ಮ ಮುಖಗಳನ್ನೂ ನೋಡಿ, ಇದು ಏನು ಎಂದು ನನ್ನನ್ನು ಕೇಳಿದ. ಬೇಸನ್ ಎಂದೆ. ಅವನು ಮೇಜು ಹಿಡಿದುಕೊಂಡು ನಗತೊಡಗಿದ. ಮಲಯ್ ಭಾಷೆಯಲ್ಲಿ ಬೇಸನ್ ಎಂದರೆ ಬೀಗರು. ನಾವು ತಮಿಳಿನಲ್ಲಿ ಸಂಬಂಧಿ ಅನ್ನುತ್ತೇವಲ್ಲ, ಅದು ಎಂದ. ಮಲಯ್ ಜನಕ್ಕೆ ಈ ಸಂಬಂಧಕ್ಕೆ ಒಂದು ಪ್ರತ್ಯೇಕ ಶಬ್ದವೇ ಇದೆ, ಅದನ್ನೇ ಆಕೆ ತನಗೆ ಹೇಳಿದ್ದು, ಉಂಡಿಯ ಸುದ್ದಿ ಯಾರೂ ಎತ್ತಿಲ್ಲ ಎಂದ.

ನಾನು ಇಬ್ಬರಿಗೂ ತಿಳಿಸಿ ಹೇಳಿದೆ. ಅವ್ವ ನಂಬಲಿಲ್ಲ. ಅತ್ತೆ ಒಮ್ಮೆ ಉಂಡಿ ನೋಡಿದರು, ಒಮ್ಮೆ ಅವ್ವನನ್ನು ನೋಡಿದರು, ಸೆರಗು ಬಾಯಿಗೆ ಒತ್ತಿಕೊಂಡರು. ಅವರ ಭುಜ ಅಲುಗುವುದನ್ನು ಕಂಡು ಅಳುತ್ತಿದ್ದಾರೆ ಎಂದುಕೊಂಡೆ. ಇಪ್ಪತ್ತೈದು ವರ್ಷದಲ್ಲಿ ಅತ್ತೆ ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. ಅಧಿಕಾರಿಣಿಯೂ ನಗುತ್ತಲೇ ಡಬ್ಬಿಯ ಮುಚ್ಚಳ ಹಾಕಿ, ಒಳಗೆ ಇಟ್ಟುಕೊಳ್ಳಿ ಎಂದು ಕೈಸನ್ನೆ ಮಾಡಿ, ಮೂರೂ ಪಾಸ್‌ಪೋರ್ಟಿನ ಕೆಲಸ ಮುಗಿಸಿ ಕೊಟ್ಟಳು. ತನ್ನ ಅತ್ತೆಗೂ ತನ್ನ ತಾಯಿಗೂ ಹೀಗೆಯೇ ಎಂದು ನನಗೆ ಮೆಲ್ಲಗೆ ಹೇಳಿದಳು. ಹೀಗೆಯೇ ಎಂದರೆ ಹೇಗೆ ಎಂದು ನಾನು ಕೇಳಲಿಲ್ಲ, ತಿಳಿಯಿತು.

ಹೊರಗೆ ಬಂದ ಮೇಲೆ ಅವ್ವ ಅತ್ತೆಯ ಕೈ ಬಿಡಲಿಲ್ಲ. ಟ್ಯಾಕ್ಸಿಯಲ್ಲಿ ಕೂತ ಮೇಲೆ ಬಹಳ ಸಂಕೋಚದಿಂದ, "ನಿಮ್ಮ ಮ್ಯಾಲ ಯಾಕ ಹಾಕ್ಕೊಂಡ್ರಿ?" ಎಂದು ಕೇಳಿದಳು. ಅತ್ತೆ, ನಿಮ್ಮ ಮುಖ ನೋಡಿದರೆ ಉಂಡಿಯ ಜೊತೆ ಇನ್ನೂ ಏನೇನೋ ಒಪ್ಪಿಕೊಳ್ಳುವಂತಿತ್ತು, ಅದಕ್ಕೆ ಎಂದರು.

ಎರಡನೆಯ ದಿನ ನಾವು ಆ ಊರಿನ ಹೆಸರಾಂತ ಜೋಡಿ ಗೋಪುರಗಳ ಕೆಳಗೆ ನಿಂತು ಕತ್ತು ಮೇಲೆ ಮಾಡಿ ನೋಡುತ್ತಿದ್ದಾಗ ನನ್ನ ಫೋನ್ ಬಡಿಯಿತು. ಗೋಕಾಕದ ಬಾಜೂ ಮನೆಯ ಅಕ್ಕ. ಪಿಸುದನಿಯಲ್ಲಿ ಮಾತಾಡುತ್ತಿದ್ದರು.

"ಗಾಬರಿ ಆಗಬ್ಯಾಡ್ರಿ. ನಿಮ್ಮ ಮನಿಯಾಗ ಕಳ್ಳ ಹೊಕ್ಕಾನ. ಹೊರಗ ಕೀಲಿ ಐತಿ, ಒಳಗ ಕುಕ್ಕರ್ ಸೀಟಿ ಹೊಡಿಯಾಕತ್ತೈತಿ."

ನಾನು ಗೋಪುರದ ಕಟ್ಟೆಯ ಮೇಲೆ ಕುಳಿತೆ. ಸಂಗತಿ ಏನಾಗಿತ್ತೆಂದು ನನಗೆ ಕೂಡಲೇ ಹೊಳೆಯಿತು. ಊರಿಗೆಲ್ಲ ಮಲೇಶಿಯಾ ಎಂದು ಸಾರಿ ಹೋದವರು ಹೇಗೆ ತಿರುಗಿ ಮುಖ ತೋರಿಸಿಯಾರು. ಮುಂಬಾಗಿಲ ಕೀಲಿ ಹಾಗೆಯೇ ಬಿಟ್ಟು, ಹಿತ್ತಲ ಬಾಗಿಲಿನಿಂದ ಒಳಗೆ ಸೇರಿ, ಅನ್ನ ಮಾಡಿಕೊಂಡು ಅಡಗಿ ಕುಳಿತಿದ್ದರು. ನಮಗೆ ಫೋನ್ ಮಾಡಿದಾಗ ಆರಾಮಿದ್ದೇನೆ ಎಂದಷ್ಟೇ ಹೇಳಿದ್ದರು. ಅಕ್ಕ ಆಗಲೇ ಓಣಿಯ ನಾಲ್ಕು ಜನರನ್ನು ಕರೆಯುವ ತಯಾರಿಯಲ್ಲಿದ್ದರು, ಪೊಲೀಸರಿಗೂ ಹೇಳೋಣವೇ ಎಂದು ಕೇಳಿದರು. ಕೊಟ್ಟ ಮಾತು ಮುರಿಯದೆ ಗತಿಯಿರಲಿಲ್ಲ. ಅದು ಕಳ್ಳನಲ್ಲ, ನಮ್ಮ ಮನೆಯವರು ಎಂದೆ. ನಾನು ಎಲ್ಲವನ್ನೂ ಹೇಳಿ, ತಮಗೆ ಗೊತ್ತಿಲ್ಲದಂತೆ ಇರಬೇಕೆಂದು ಬೇಡಿಕೊಂಡೆ. ಅಕ್ಕ ದೊಡ್ಡ ಮನಸ್ಸಿನವರು. ಆಗಲಿ ಎಂದರು. ಆಮೇಲೆ, ಸರ್ ಬರೀ ಅನ್ನ ಉಣ್ಣುತ್ತಿದ್ದಾರೋ ಏನೋ, ಹಿತ್ತಲ ಗೋಡೆಯ ಮೇಲೆ ಒಂದು ಬಟ್ಟಲು ಪಲ್ಯ ಇಟ್ಟರೆ ಗುರುತು ಹತ್ತುತ್ತದೆಯೋ ಎಂದು ಕೇಳಿದರು.

ಮರುದಿನ ಊರ ಹೊರಗಿನ ಗುಡ್ಡದ ಗವಿಯಲ್ಲಿರುವ ಮುರುಗನ ಗುಡಿಗೆ ಹೋದೆವು. ಬಣ್ಣ ಬಳಿದ ಕಡಿದಾದ ಮೆಟ್ಟಿಲು, ಮಂಗಗಳ ಕಾಟ. ಅರ್ಧ ಹತ್ತುವುದರೊಳಗೆ ಮಳೆ ಸುರಿಯಿತು. ಇಬ್ಬರನ್ನೂ ನಡುವಿನ ಸಮತಟ್ಟು ಜಾಗದಲ್ಲಿ ಕೂರಿಸಿ ಮೇಲೆ ಕೊಡೆ ಹಿಡಿದು ನಿಂತೆ. ಕೆಳಗೆ ಬಣ್ಣಬಣ್ಣದ ಸೀರೆಯುಟ್ಟ ತಮಿಳು ಹೆಂಗಸರು ಓಡಿ ಮರೆಯಾಗುತ್ತಿದ್ದರು. ಅವರಲ್ಲೊಬ್ಬಳು ಗಿಳಿಹಸಿರು ಸೀರೆಯವಳು. ಅವ್ವ ಅವಳನ್ನೇ ನೋಡುತ್ತ ಇದ್ದಳು. ನಾನು ಮನಸ್ಸಿನಲ್ಲಿ ಮುರುಗನನ್ನು ನೆನೆದೆ.

ಅತ್ತೆಯೂ ನೋಡಿದರು. ನೋಡಿ, ತಾವೇ ಮಾತು ತೆಗೆದರು.

"ಆ ಬಣ್ಣ ನನಗ ಒಪ್ಪತಿದ್ದಿಲ್ರಿ," ಎಂದರು. "ಉಟ್ಟು ಕನ್ನಡಿ ಮುಂದ ನಿಂತೆ. ಮಾರಿ ಇನ್ನಷ್ಟು ಕಪ್ಪ ಕಾಣತಿತ್ತು. ಮಡಚಿ ಇಟ್ಟೆ, ಆಮ್ಯಾಲ ನಾದಿನಿಗೆ ಕೊಟ್ಟೆ. ನಿಮಗ ಹೇಳಾಕ ನಾಚಿಕಿ ಬಂತು."

ಆ ಸೀರೆಯವಳು ಮರೆಯಾಗುವ ತನಕ ಅವ್ವ ನೋಡಿದಳು. ಮಳೆ ಹನಿ ಕೊಡೆಯಿಂದ ನನ್ನ ಬೆನ್ನಿಗೆ ಇಳಿಯುತ್ತಿತ್ತು.

"ನನಗೂ ಒಪ್ಪಲಿಲ್ಲ," ಎಂದಳು ಕೊನೆಗೆ. "ಅದು ತಿರುಗಿ ಬಂದ ಮರು ವರ್ಷನ ನಾನೂ ಯಾರಿಗೋ ಕೊಟ್ಟಬಿಟ್ಟೆ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಆ ಮೆಟ್ಟಿಲ ಮೇಲೆ, ಮಳೆಯಲ್ಲಿ, ಮಂಗಗಳು ಗಾಬರಿಯಾಗಿ ದೂರ ಸರಿಯುವಂತೆ ನಕ್ಕರು. ಎಷ್ಟೋ ವರ್ಷ ಇವರಿಬ್ಬರ ನಡುವೆ ಓಡಾಡಿ ಸವೆದ ನನಗೆ ನಗಬೇಕೋ ಸಿಟ್ಟು ಮಾಡಬೇಕೋ ತಿಳಿಯಲಿಲ್ಲ. ಅಂಗಡಿಯಲ್ಲಿ ಅರ್ಧ ದಿನ ಕುಳಿತು ಅದೇ ಬಣ್ಣವನ್ನು ಯಾಕೆ ಆರಿಸಿದೆ ಎಂದು ಅವ್ವನನ್ನು ಕೇಳಿದೆ. ಅಂಗಡಿಯವನು ಮನುಷ್ಯ ಒಳ್ಳೆಯವನಿದ್ದ ಎಂದಳು.

ಉಳಿದ ದಿನಗಳಲ್ಲಿ ನಾನು ಅವರ ಹಿಂದೆ ಚೀಲ ಹೊತ್ತು ನಡೆದೆ. ಅವರಿಗೆ ನನ್ನ ಅಗತ್ಯ ರಸ್ತೆ ದಾಟುವಾಗ ಮಾತ್ರ ಬೀಳುತ್ತಿತ್ತು. ಅಂಗಡಿಗಳಲ್ಲಿ ಅವ್ವ ಬೆಲೆ ಕೇಳುವುದು, ಅತ್ತೆ ಹೆಚ್ಚಾಯಿತು ಎಂದು ಕನ್ನಡದಲ್ಲಿ ಹೇಳಿ ಹೊರನಡೆಯುವುದು, ಅಂಗಡಿಯವನು ಹಿಂದೆ ಓಡಿ ಬರುವುದು. ಭಾಷೆಯ ತೊಂದರೆ ಒಂದು ಸಲವೂ ಬರಲಿಲ್ಲ.

ತಿರುಗಿ ಬೆಂಗಳೂರು, ಅಲ್ಲಿಂದ ರೈಲು. ಬೆಳಿಗ್ಗೆ ಘಟಪ್ರಭಾ ನಿಲ್ದಾಣದಲ್ಲಿ ಇಳಿದರೆ ನಮ್ಮ ಮನೆಯವರು ಪ್ಲಾಟ್‌ಫಾರ್ಮಿನ ಮೇಲೆ ನಿಂತಿದ್ದರು, ಕೈಯಲ್ಲಿ ಸೂಟ್‌ಕೇಸ್, ತಲೆಯ ಮೇಲೆ ಬಿಸಿಲಿನ ಟೊಪ್ಪಿಗೆ. ನಮ್ಮನ್ನು ಕರೆದುಕೊಳ್ಳಲು ಬರುವವರಿಗೆ ಸೂಟ್‌ಕೇಸ್ ಯಾಕೆ ಎಂದು ಅತ್ತೆ ಕೇಳಿದರು. ಇವರು ಟೊಪ್ಪಿಗೆ ಸರಿ ಮಾಡಿಕೊಂಡು ಟ್ಯಾಕ್ಸಿ ಕರೆದರು. ಟ್ಯಾಕ್ಸಿ ನಮ್ಮ ಓಣಿಗೆ ತಿರುಗಿದಾಗ ನನಗೆ ತಿಳಿಯಿತು. ನಾಲ್ವರೂ ಕೂಡಿಯೇ ಮಲೇಶಿಯಾದಿಂದ ಇಳಿದೆವು.

ಬಾಜೂ ಮನೆಯ ಅಕ್ಕ ಬಾಗಿಲಲ್ಲೇ ಇದ್ದರು. ಮುಖದಲ್ಲಿ ಒಂದು ಗೆರೆಯೂ ಕದಲದಂತೆ, ಪ್ರವಾಸ ಹೇಗಾಯಿತು ಎಂದು ಇವರನ್ನೇ ಕೇಳಿದರು. ಇವರು ಸೂಟ್‌ಕೇಸ್ ಕೆಳಗಿಟ್ಟು ಶುರು ಮಾಡಿದರು. ರಸ್ತೆಗಳ ಅಗಲ, ಮಳೆಕಾಡು, ರಬ್ಬರ್ ತೋಟ, ತವರದ ಗಣಿ, ಜಲಸಂಧಿಯ ಮೇಲೆ ಸೂರ್ಯ ಮುಳುಗುವ ಬಗೆ. ಪಾಠ ಮಾಡಿದ ನಾಲಿಗೆಯಲ್ಲವೇ, ನಿಲ್ಲಲಿಲ್ಲ. ಅವ್ವ ಚೀಲ ಹಿಡಿದು ನಿಂತು ಬಾಯಿ ತೆರೆದು ಕೇಳಿ, ಇದನ್ನೆಲ್ಲ ನಾವು ನೋಡಲೇ ಇಲ್ಲವಲ್ಲ ಎಂದು ಅತ್ತೆಗೆ ಹೇಳಿದಳು. ಅಕ್ಕ ಪೂರ್ತಿ ಕೇಳಿ, ದಣಿದಿರುತ್ತೀರಿ, ಮಧ್ಯಾಹ್ನ ಊಟ ನಮ್ಮಲ್ಲೇ ಎಂದು ಹೇಳಿ ಒಳಗೆ ಹೋದರು. ಅವರಿಗೆ ಎಲ್ಲ ಗೊತ್ತಿತ್ತು ಎಂದು ಇವರಿಗೆ ನಾನು ತಿಳಿಸಿದ್ದು ಒಂದು ವಾರದ ಮೇಲೆ. ಇವರು ಎರಡು ದಿನ ಹಿತ್ತಲ ಬಾಗಿಲಿನಿಂದಲೇ ಶಾಲೆಗೆ ಹೋದರು.

ಆಮೇಲೆ ಪಾಸ್‌ಪೋರ್ಟ್ ಹೊಸದು ಮಾಡಿಸಿಕೊಂಡರು. ಈಗ ಶಾಲೆಯಲ್ಲಿ, ಮದುವೆ ಮನೆಯಲ್ಲಿ, ಯಾರಾದರೂ ಯಾವ ದೇಶಕ್ಕೆ ವೀಸಾ ಬೇಡ ಎಂದು ಕೇಳಿದರೆ ಮೊದಲಿನಂತೆ ಪಟ್ಟಿ ಒಪ್ಪಿಸುವುದಿಲ್ಲ. ಪಾಸ್‌ಪೋರ್ಟ್ ತಗೊಂಡು ಬರ್ರಿ, ಅವಧಿ ನೋಡೋಣ ಎನ್ನುತ್ತಾರೆ. ಆ ನಿಯಮಗಳೂ ಇಂದಿದ್ದಂತೆ ನಾಳೆ ಇರುವುದಿಲ್ಲ, 'ಮುಂದಿನ ಆದೇಶದವರೆಗೆ' ಎಂಬ ಮಾತನ್ನು ನಂಬಬೇಡಿ ಎಂದೂ ಸೇರಿಸುತ್ತಾರೆ. ಕೆಲವರು ಇವರ ಮಾತು ಕೇಳಿ ನಿಜವಾಗಿಯೂ ಪೇಚಿನಿಂದ ಪಾರಾಗಿದ್ದಾರೆ.

ಹೋದ ತಿಂಗಳು ಅವ್ವ ಗೋಕಾಕದ ಬಸ್ ನಿಲ್ದಾಣದವರೆಗೆ ಬಂದು, ನಮ್ಮ ಮನೆಗೆ ಬರದೆ, ಬಸ್ಸು ಬದಲಿಸಿ ನೇರ ಹುಕ್ಕೇರಿಗೆ ಹೋದಳಂತೆ. ನನಗೆ ತಿಳಿದದ್ದು ಬಾಜೂ ಮನೆಯ ಅಕ್ಕನಿಂದ, ಅವರು ನಿಲ್ದಾಣದಲ್ಲಿ ನೋಡಿದ್ದರು. ಕೂಡಲೇ ಫೋನ್ ಹಚ್ಚಿದೆ. ಅತ್ತೆ ಎತ್ತಿದರು. ಹಿಂದೆ ಅವ್ವನ ಗಟ್ಟಿ ದನಿ ಕೇಳುತ್ತಿತ್ತು, ಶ್ರೀಲಂಕಾ ಎಂಬ ಶಬ್ದ ಎರಡು ಸಲ ಬಂತು. ಏನು ನಡೆದಿದೆ, ನನಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ಈಗ ಉಣ್ಣಾಕ ಕುಂತೇವಿ," ಅತ್ತೆ ಹೇಳಿದರು. "ಆಮ್ಯಾಲ ಮಾಡು."